ಮಿದುಳಿನಲ್ಲಿ ಸುಣ್ಣದ ಸಂದೇಶ

ಸಂಸ್ಕೃತದಲ್ಲಿ ‘ಸುಧಾ’ ಎಂಬ ಶಬ್ದಕ್ಕೆ ಅಮೃತವೆಂದೂ ಅರ್ಥವುಂಟು, ಸುಣ್ಣವೆಂದೂ ಅರ್ಥವುಂಟು. ಹದದಲ್ಲಿದ್ದರೆ ಹಿತವಾದ ಸುಣ್ಣವು ಮಿತಿಮೀರಿದರೆ ಬಾಯನ್ನು ಸುಡುವುದೆಂಬುದು ತಾಂಬೂಲಪ್ರಿಯರಾದ ವಾಚಕರಿಗೆ ವಿದಿತವೇ ಆಗಿದೆ. ಆ ಸುಣ್ಣದಲ್ಲಿರುವ ಕ್ಯಾಲ್ಸಿಯಂ ಧಾತುವು ಪೆಟ್ಟುಬಿದ್ದ ಮಿದುಳಿನಲ್ಲಿ ಏನು ಮಾಡುವುದೆಂಬುದನ್ನು ಈ ತಿಂಗಳು ನಿರೂಪಿಸುವೆವು.

ಮಿದುಳಿನಲ್ಲಿ ನರಕೋಶಗಳಲ್ಲದೆ, ಸಂಖ್ಯೆಯಲ್ಲಿ ಅವಕ್ಕೆ ಸರಿಸುಮಾರು ಸಮನಾಗಿ, ಗ್ಲಿಯಾ ಎಂಬ ಕೋಶಗಳುಂಟು. ಗ್ರೀಕ್ ಭಾಷೆಯಲ್ಲಿ ಈ ಶಬ್ದಕ್ಕೆ ಅಂಟು ಎಂದರ್ಥ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವಿರ್ಚೋ ಪಂಡಿತರು ಈ ಹೆಸರಿಟ್ಟಾಗ, ಕಲ್ಲುಗಳ ನಡುವಣ ಗಾರೆಯಂತೆ ಇವು ನರಗಳನ್ನು ಹಿಡಿದಿಡುವ ವಸ್ತುವೆಂದೇ ಭಾವಿಸಲಾಗಿತ್ತು. 1919ರಲ್ಲಿ ಸ್ಪೇನಿನ ರಿಯೋ ಒರ್ಟೇಗಾ ಅವರು ಇವುಗಳಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲುಕೋಶಗಳನ್ನು ಬೇರ್ಪಡಿಸಿ ತೋರಿಸಿದರು. ನಕ್ಷತ್ರಾಕಾರದ ಆಸ್ಟ್ರೋಸೈಟುಗಳು ಇನ್ನೊಂದು ಬಗೆ. ಇವುಗಳಲ್ಲಿ ಕ್ಯಾಲ್ಸಿಯಂ ಅಲೆಯು ಕೋಶದಿಂದ ಕೋಶಕ್ಕೆ ಹರಿಯುವುದು 1990ರಲ್ಲಿ ಕಂಡುಬಂದಿತು. ಗಾರೆಯೆಂದುಕೊಂಡದ್ದು ಮಾತನಾಡುತ್ತಿತ್ತು!

ಕೋಶದ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಅಧಿಕ. ಕೆರೆಯ ಏರಿಗೆ ತೂಬುಗಳಿರುವಂತೆ ಕೋಶದ ಪೊರೆಯಲ್ಲಿ ಪ್ರೋಟೀನಿನ ದ್ವಾರಗಳಿವೆ. ತಲೆಗೆ ಪೆಟ್ಟಾದಾಗ ಹರಿದ ಕೋಶಗಳಿಂದ ಎಟಿಪಿ ಎಂಬ ದ್ರವ್ಯವು ಸೋರಿ, ನೆರೆಯ ಗ್ಲಿಯಾಗಳನ್ನು ತಟ್ಟುವುದು. ಆಗ ಕೆಲವು ತೂಬುಗಳು ತೆರೆದು ಹೊರಗಿನ ಕ್ಯಾಲ್ಸಿಯಂ ಒಳನುಗ್ಗುವುದು. ಕೋಶದೊಳಗಿನ ಕಣಜದಿಂದಲೂ ಬಿಡುಗಡೆಯಾಗುವುದು. ಕಣಜ ಬರಿದಾದರೆ ಅದನ್ನು ತುಂಬಲು ಬೇರೆ ತೂಬುಗಳು ತೆರೆಯುವುವು. ನರಕೋಶಗಳಲ್ಲಿ ಈ ಕಣಜದ ವ್ಯವಹಾರವನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಗೈತಿ ಹಸನ್ ಅವರು ಹಣ್ಣುನೊಣಗಳ ಮೂಲಕ ಶೋಧಿಸಿದ್ದಾರೆ.

ಇದು ಅಪಾಯದ ಡಂಗುರ. ಎಟಿಪಿಯ ಕರೆಗೆ ಮೈಕ್ರೋಗ್ಲಿಯಾಗಳು ಗಾಯದ ಕಡೆಗೆ ತೋಳು ಚಾಚುವುವು. ಆಸ್ಟ್ರೋಸೈಟುಗಳು ಗಾಯದ ಸುತ್ತ ಬೇಲಿ ಕಟ್ಟುವುವು. ಆದರೆ ಕ್ಯಾಲ್ಸಿಯಂ ಮಿತಿಮೀರಿದರೆ, ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳು ಕೆರಳಿ ಕೋಶವೇ ನಾಶವಾಗುವುದು.

ಹಾಗಾದರೆ ತೂಬುಗಳನ್ನು ಮುಚ್ಚಿಬಿಡಬಾರದೇಕೆ? ನಿಮೋಡಿಪಿನ್ ಎಂಬ ಔಷಧದಿಂದ ವೈದ್ಯರು ಅದನ್ನೂ ಪರೀಕ್ಷಿಸಿದರು. ರಕ್ತನಾಳದ ಉಬ್ಬು ಒಡೆದು ಮಿದುಳಿನ ಸುತ್ತ ರಕ್ತ ಹರಿದ ರೋಗಿಗಳಿಗೆ ಅದು ಉಪಯುಕ್ತವಾಯಿತು. ಪೆಟ್ಟಿನ ಗಾಯಕ್ಕೆ ಅದರ ಗುಣವು ಸಿದ್ಧಪಡಲಿಲ್ಲ. ಊತವನ್ನು ತಗ್ಗಿಸುವುದೆಂದು ನಂಬಿದ್ದ ಸ್ಟೀರಾಯ್ಡುಗಳನ್ನು 10,000ಕ್ಕೂ ಹೆಚ್ಚು ಗಾಯಾಳುಗಳಲ್ಲಿ ಪರೀಕ್ಷಿಸಿದಾಗ, ಮರಣವೇ ಹೆಚ್ಚಿತೆಂದು 2004ರಲ್ಲಿ ತಿಳಿದುಬಂದಿತು. ಡಂಗುರವನ್ನು ಅಡಗಿಸುವುದೂ ಅನರ್ಥವನ್ನು ತಡೆಯುವುದೂ ಒಂದೇ ಅಲ್ಲ.

ಆದಕಾರಣ ಈ ವಿಷಯದಲ್ಲಿ ಮನೆಮದ್ದಿಲ್ಲ, ಕಾಲವೇ ಮದ್ದು. ನಮ್ಮ ಹರದನಹಳ್ಳಿಯಂತಹ ಊರುಗಳಲ್ಲಿ ತೆಂಗಿನ ಮರದಿಂದಲೋ ಮೋಟಾರುಬೈಕಿನಿಂದಲೋ ಬಿದ್ದವನು ಎದ್ದು ಮಾತನಾಡಿದರೆ, ‘ಗಂಡಾಂತರ ಕಳೆಯಿತು’ ಎಂದು ಮಲಗಿಸಿಬಿಡುವುದುಂಟು. ಇದು ಸಲ್ಲದು. ಪೆಟ್ಟು ಕ್ಷಣಮಾತ್ರದ್ದು, ಒಳಗಿನ ವ್ಯಾಪಾರ ಗಂಟೆಗಟ್ಟಲೆ, ದಿನಗಟ್ಟಲೆ ನಡೆಯುವುದು. ರಕ್ತವೂ ಒಳಗೊಳಗೇ ಕೂಡಿಕೊಳ್ಳಬಹುದು. ಮತ್ತೆ ಮತ್ತೆ ವಾಂತಿ, ಏರುವ ತಲೆನೋವು, ಅತಿಯಾದ ತೂಕಡಿಕೆ, ತೊದಲು ಮಾತು, ಸೆಳವು, ಕಿವಿಮೂಗುಗಳಿಂದ ತಿಳಿನೀರು, ಒಂದು ಕಣ್ಣಿನ ಪಾಪೆ ಹಿಗ್ಗುವುದು—ಇವುಗಳಲ್ಲಿ ಒಂದು ಕಂಡರೂ, ಕತ್ತು ತಿರುಚದಂತೆ ಹಿಡಿದು, ತಿನ್ನಲು ಕುಡಿಯಲು ಏನೂ ಕೊಡದೆ, ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಗಾಯಕ್ಕೆ ಕಾಫಿಪುಡಿ ತುಂಬತಕ್ಕದ್ದಲ್ಲ. ಬೈಕು ಹತ್ತುವ ಮಗನಿಗೆ ಶಿರಸ್ತ್ರಾಣವನ್ನು ನೆನಪಿಸುವ ತಾಯಿಯು, ಇನ್ನೂ ಯಾವ ಔಷಧಕ್ಕೂ ಸಾಧ್ಯವಾಗದ ಉಪಕಾರವನ್ನು ಮಾಡಿದಂತೆಯೇ ಸರಿ.