ಕರಾಟೆಯ ಬೆಲ್ಟು: ವಿದ್ಯೆಯ ಗುರುತೋ, ವಿಕ್ರಯದ ಸರಕೋ?

ಪರೀಕ್ಷೆಯಿಲ್ಲದ ವಿದ್ಯೆಯಿಂದ ಕಲಿತವನಿಗೆ ತನ್ನ ಬಲವು ತಿಳಿಯುವದಿಲ್ಲ. ವಿದ್ಯೆಯಿಲ್ಲದ ಪರೀಕ್ಷೆಯಿಂದ ಕಲಿಯದವನಿಗೆ ತನ್ನಲ್ಲಿ ಬಲವಿದೆಯೆಂಬ ಭ್ರಾಂತಿಯು ಹುಟ್ಟುವದು. ಇವೆರಡರಲ್ಲಿ ಎರಡನೆಯದೇ ಹೆಚ್ಚು ಹಾನಿಕರವೆಂಬುದನ್ನು ವಿಚಾರವಂತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಮಕ್ಕಳಿಗೆ ಕಲಿಸುವ ಕರಾಟೆಯ ವಿಷಯದಲ್ಲಿ ಈ ವಿಚಾರವನ್ನು ಮತ್ತೊಮ್ಮೆ ಮಾಡಬೇಕಾದ ಪ್ರಸಂಗವು ಒದಗಿದೆ.

ಜಪಾನಿನಿಂದ ಬಂದ ಈ ವಿದ್ಯೆಯು ದೊಡ್ಡ ಪಟ್ಟಣಗಳ ಎಲ್ಲೆಯನ್ನು ದಾಟಿ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳಂಥ ಊರುಗಳ ಮನೆಮಾತಾಗಿದೆ. ಮಕ್ಕಳ ಮೈ ಹುರಿಗೊಳ್ಳುವದಾದರೆ, ಹೆಣ್ಣುಮಕ್ಕಳ ಅಂಜಿಕೆ ದೂರಾಗುವದಾದರೆ ಅದಕ್ಕಿಂತ ಸಂತೋಷದ ಸಂಗತಿ ಯಾವುದು? ಆಕ್ಷೇಪವಿರುವದು ವಿದ್ಯೆಯ ಮೇಲಲ್ಲ. ಅದರ ಬೆನ್ನು ಹಿಡಿದು ಬಂದ 'ಬೆಲ್ಟು ಪರೀಕ್ಷೆ'ಯೆಂಬ ಪದ್ಧತಿಯ ಮೇಲೆ.

ಈ ಪರೀಕ್ಷೆಯ ರೀತಿಯು ಸಾಮಾನ್ಯವಾಗಿ ಎಲ್ಲೆಡೆಯಲ್ಲಿಯೂ ಒಂದೇ. ರವಿವಾರ ಮುಂಜಾನೆ ಮಕ್ಕಳು ಬಿಳಿಯ ಉಡುಪು ಧರಿಸಿ ಸಾಲೆಯ ಬಯಲಿನಲ್ಲಿ ಸಾಲುಗಟ್ಟಿ ನಿಲ್ಲುವರು. ಮಾಸ್ತರರ ಎಣಿಕೆಗೆ ಸರಿಯಾಗಿ ಗುದ್ದುವದನ್ನೂ ಒದೆಯುವದನ್ನೂ ಏಟು ತಡೆಯುವದನ್ನೂ ಮಾಡಿ ತೋರಿಸುವರು. 'ಕಟಾ' ಎಂಬ ಕ್ರಮಬದ್ಧವಾದ ಚಲನೆಗಳ ಪಾಠವೊಂದನ್ನು ಒಪ್ಪಿಸುವರು. ಮಧ್ಯಾಹ್ನದ ಹೊತ್ತಿಗೆ ಬಿಳಿಯ ಬೆಲ್ಟಿನವರು ಹಳದಿಗೆ, ಹಳದಿಯವರು ಕಿತ್ತಳೆಗೆ, ಕಿತ್ತಳೆಯವರು ಹಸಿರಿಗೆ ಏರಿರುವರು. ಪ್ರಮಾಣಪತ್ರ ಹಿಡಿದ ಮಕ್ಕಳ ಛಾಯಾಚಿತ್ರಗಳು ಸಂಜೆಯೊಳಗಾಗಿ ಬಂಧುಗಳೆಲ್ಲರ ಕೈಯ ಫೋನುಗಳಲ್ಲಿ ಹರಿದಾಡುವವು. ಎಲ್ಲವೂ ಚೆಂದವೇ. ಆದರೆ ಇಂಥ ಪರೀಕ್ಷೆಯಲ್ಲಿ ನಪಾಸಾದ ಮಗುವನ್ನು ಕಂಡವರು ಎಷ್ಟು ಮಂದಿ? ಯಾರೂ ನಪಾಸಾಗದ ಪರೀಕ್ಷೆಯು ಪರೀಕ್ಷೆಯೇ ಅಲ್ಲ, ಅದೊಂದು ಸಮಾರಂಭ. ಸಮಾರಂಭ ಮಾಡುವದು ತಪ್ಪಲ್ಲ. ಅದನ್ನು ಪರೀಕ್ಷೆಯೆಂದು ಕರೆದು ಅದಕ್ಕೆ ಶುಲ್ಕ ಎತ್ತುವದು ತಪ್ಪು.

ಬೆಲ್ಟಿನ ಬಣ್ಣಗಳು ಅನಾದಿಯಿಂದ ಬಂದ ಪವಿತ್ರ ಸಂಪ್ರದಾಯವೆಂದು ಅನೇಕ ಪಾಲಕರು ನಂಬಿರುವರು. ಇತಿಹಾಸವು ಬೇರೆಯಾಗಿದೆ. ಕರಾಟೆಯ ತವರಾದ ಓಕಿನಾವಾ ದ್ವೀಪದಲ್ಲಿ ಹಿಂದೆ ಬೆಲ್ಟುಗಳ ಶ್ರೇಣಿಯೇ ಇರಲಿಲ್ಲ. ಶ್ರೇಣಿಯು ಬಂದದ್ದು ಜೂಡೋದಿಂದ. 1882ರಲ್ಲಿ ಟೋಕಿಯೋದಲ್ಲಿ ಕೊಡೋಕಾನ್ ಎಂಬ ಜೂಡೋ ಶಾಲೆಯನ್ನು ತೆರೆದ ಜಿಗೊರೋ ಕಾನೋ ಎಂಬ ಶಿಕ್ಷಣತಜ್ಞರು ನುರಿತ ಶಿಷ್ಯರನ್ನು ಗುರುತಿಸಲಿಕ್ಕೆ 'ದಾನ್' ಎಂಬ ದರ್ಜೆಯನ್ನೂ ಕಪ್ಪು ಪಟ್ಟಿಯನ್ನೂ ಬಳಕೆಗೆ ತಂದರು. 1922ರಲ್ಲಿ ಓಕಿನಾವಾದಿಂದ ಟೋಕಿಯೋಕ್ಕೆ ಬಂದು ಕರಾಟೆಯನ್ನು ಪ್ರದರ್ಶಿಸಿದ ಗಿಚಿನ್ ಫುನಾಕೋಶಿಯವರು ಅದೇ ಪದ್ಧತಿಯನ್ನು ಅನುಸರಿಸಿ, 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಕಪ್ಪು ಬೆಲ್ಟುಗಳನ್ನು ಕೊಟ್ಟರು. ಹಳದಿ, ಕಿತ್ತಳೆ, ಹಸಿರು, ನೀಲಿಗಳ ಸಾಲು ಇನ್ನೂ ಈಚಿನದು. ಅದು ಬೆಳೆದದ್ದು ಯುರೋಪಿನ ಜೂಡೋ ಶಾಲೆಗಳಲ್ಲಿ. 1930ರ ದಶಕದಲ್ಲಿ ಪ್ಯಾರಿಸಿನಲ್ಲಿ ಕಲಿಸುತ್ತಿದ್ದ ಕವಾಯಿಶಿ ಎಂಬ ಜಪಾನೀ ಗುರುಗಳು, ಅಲ್ಲಿಯ ಶಿಷ್ಯರ ಉತ್ಸಾಹವು ನಡುದಾರಿಯಲ್ಲಿ ಕುಂದದಿರಲೆಂದು ಅದನ್ನು ಪ್ರಚಾರಕ್ಕೆ ತಂದರು. ಆದುದರಿಂದ ಬಣ್ಣವೆಂಬುದು ಕಲಿಸುವವರ ಒಂದು ಅನುಕೂಲವೇ ಹೊರತು ವಿದ್ಯೆಯ ಆತ್ಮವಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ ಕೂಟದಲ್ಲಿ ಕರಾಟೆಗೆ ಮೊದಲ ಸಾರಿ ಸ್ಥಾನ ದೊರೆತಾಗ, ಕಣಕ್ಕಿಳಿದ ಇಬ್ಬರಲ್ಲಿ ಒಬ್ಬರು ಕೆಂಪು, ಮತ್ತೊಬ್ಬರು ನೀಲಿ ಪಟ್ಟಿ ಕಟ್ಟಿದ್ದರು. ಅದು ಎದುರಾಳಿಗಳನ್ನು ಬೇರೆಯಾಗಿ ಗುರುತಿಸಲಿಕ್ಕೆ ಮಾತ್ರ. ಅವರ ದರ್ಜೆಯನ್ನು ಸಾರಲಿಕ್ಕಲ್ಲ. ಜಗತ್ತಿನ ಅತ್ಯುಚ್ಚ ಕಣದಲ್ಲಿಯೇ ದರ್ಜೆಯ ಬಣ್ಣಕ್ಕೆ ಬೆಲೆಯಿಲ್ಲದಿರುವಾಗ, ಎಂಟು ವರ್ಷದ ಮಗುವಿನ ಸೊಂಟದ ಬಣ್ಣಕ್ಕೆ ಇಷ್ಟು ಆತುರವೇಕೆ?

ಫುನಾಕೋಶಿಯವರು ತಾವು ಕಲಿತ ಬಗೆಯನ್ನು ಆತ್ಮಕಥನದಲ್ಲಿ ಹೇಳಿಕೊಂಡಿರುವರು. ಗುರುಗಳು ಸಾಕೆನ್ನುವ ವರೆಗೆ ಒಂದೇ ಕಟಾವನ್ನು ತಿಂಗಳುಗಟ್ಟಲೆ ತಿರುತಿರುಗಿ ಮಾಡಬೇಕಾಗಿತ್ತು. ಮುಂದಿನ ಪಾಠವು ಅದರ ತರುವಾಯವೇ. ಇಂಥ ಕಲಿಕೆಯ ನಿದರ್ಶನಕ್ಕಾಗಿ ಓಕಿನಾವಾಕ್ಕೆ ಹೋಗಬೇಕಾದ ಕಾರಣವೂ ಇಲ್ಲ. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿಯಲಿಕ್ಕೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೇಲ್ವೆಯಲ್ಲಿ ಬಂದು ಹೋಗುತ್ತಿದ್ದರು. ಗುರುಗಳು ಒಂದು ಸಾರಿಗೆ ಕೊಡುತ್ತಿದ್ದದ್ದು ಕೆಲವೇ ಸ್ವರಗಳ ಪಾಠ. ಅದು ಪೂರ್ಣವಾಗಿ ಕಂಠಗತವಾದ ಹೊರತು ಮುಂದಿನದಕ್ಕೆ ಕೈ ಹಾಕುವಂತಿರಲಿಲ್ಲ. ಭೀಮಸೇನ ಜೋಶಿಯವರು 1936ರಲ್ಲಿ ಅದೇ ಗುರುಗಳ ಮನೆಯನ್ನು ಸೇರಿ, ಮೊದಮೊದಲು ಪಾಠಕ್ಕಿಂತ ಹೆಚ್ಚಾಗಿ ನೀರನ್ನೇ ಹೊತ್ತರು. ಶಿಷ್ಯರಿಂದ ನೀರು ಹೊರಿಸುವದು ಒಳ್ಳೆಯ ಪದ್ಧತಿಯೆಂದು ಈಗ ಯಾರೂ ವಾದಿಸಲಾರರು, ವಾದಿಸಲೂ ಬಾರದು. ಆ ಗುರುವಿನಲ್ಲಿ ಉಳಿಸಿಕೊಳ್ಳತಕ್ಕದ್ದು ಒಂದೇ: 'ಇನ್ನೂ ಆಗಿಲ್ಲ' ಎಂದು ಹೇಳುವ ಧೈರ್ಯ. ಹಾಗೆ ಹೇಳುವದರಿಂದ ಅವರಿಗೆ ಯಾವ ನಷ್ಟವೂ ಇರಲಿಲ್ಲ. ಆದುದರಿಂದಲೇ ಅವರು 'ಆಯಿತು' ಎಂದಾಗ ಆ ಮಾತಿಗೆ ತೂಕವಿತ್ತು.

ಈಗಿನ ಬೆಲ್ಟು ಪರೀಕ್ಷೆಯ ರೋಗದ ಮೂಲವು ಇಲ್ಲಿಯೇ ಇದೆ. ಕಪ್ಪು ಬೆಲ್ಟಿಗೆ ಮುಂಚೆ ಒಂಬತ್ತು ಮೆಟ್ಟಿಲುಗಳಿವೆ ಎಂದೂ, ಮೆಟ್ಟಿಲಿಗೆ 500 ರೂಪಾಯಿ ಶುಲ್ಕವೆಂದೂ ಲೆಕ್ಕಕ್ಕಾಗಿ ಹಿಡಿಯೋಣವಾಗಲಿ. ನಲವತ್ತು ಮಕ್ಕಳು ಪರೀಕ್ಷೆಗೆ ನಿಂತರೆ ಒಂದೇ ದಿನದಲ್ಲಿ 20,000 ರೂಪಾಯಿ ಕೂಡುವವು. ಅವರಲ್ಲಿ ಹತ್ತು ಮಕ್ಕಳನ್ನು ನಪಾಸು ಮಾಡಿದರೆ ಆಗುವದೇನು? ಕೆಲವರ ಪಾಲಕರು ಮುನಿಯುವರು. ಕೆಲವರು ಮಕ್ಕಳನ್ನು ಬಿಡಿಸಿ, ಬೇಗನೆ ಬಣ್ಣ ಏರಿಸುವ ಇನ್ನೊಬ್ಬ ಮಾಸ್ತರರಲ್ಲಿಗೆ ಕಳಿಸುವರು. ಮುಂದಿನ ಪರೀಕ್ಷೆಗೆ ಬರುವ ಶುಲ್ಕವು ಇಳಿಯುವದು. ಎಲ್ಲರನ್ನೂ ಪಾಸು ಮಾಡಿದರೆ ನಲವತ್ತು ಮನೆಗಳಲ್ಲಿಯೂ ಹಬ್ಬ. ಕಲಿಸುವವನೂ ಪರೀಕ್ಷಿಸುವವನೂ ಶುಲ್ಕ ಪಡೆಯುವವನೂ ಒಬ್ಬನೇ ಆಗಿರುವಲ್ಲಿ, ತೀರ್ಪು ಯಾವ ಕಡೆಗೆ ಜಗ್ಗುವದೆಂಬುದನ್ನು ಊಹಿಸಲಿಕ್ಕೆ ದೊಡ್ಡ ಬುದ್ಧಿಯೇನೂ ಬೇಕಾಗಿಲ್ಲ. ಇದು ಒಬ್ಬ ಮಾಸ್ತರನ ದುರ್ಗುಣವಲ್ಲ, ಪದ್ಧತಿಯ ದೋಷ. ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಲ್ಲಿ ತೀರ್ಪು ಕಲಿಸಿದ ಗುರುವಿನದಲ್ಲ. ಹತ್ತನೆಯ ಇಯತ್ತೆಯ ಉತ್ತರಪತ್ರಿಕೆಗಳನ್ನು ಅದೇ ಸಾಲೆಯ ಮಾಸ್ತರರಿಗೆ ತಿದ್ದಲಿಕ್ಕೆ ಕೊಡುವದಿಲ್ಲ. ಅಕ್ಷರಕ್ಕೂ ಸ್ವರಕ್ಕೂ ಇರುವ ಎಚ್ಚರಿಕೆಯು ಮೈರಕ್ಷಣೆಯ ವಿದ್ಯೆಗೆ ಮಾತ್ರ ಬೇಡವೇ?

ಈ ಪದ್ಧತಿಯಿಂದ ಆಗುವ ಕೇಡು ಎರಡು ಬಗೆಯದು. ಮೊದಲನೆಯದು ಬಡವರ ಮಕ್ಕಳಿಗೆ. ಮಳೆಯನ್ನೇ ನಂಬಿದ ಎರೆಹೊಲದ ಒಕ್ಕಲಿಗನಾಗಲಿ, ಕೂಲಿ ಮಾಡುವ ತಾಯಿಯಾಗಲಿ ತಿಂಗಳ ಶುಲ್ಕವನ್ನೇ ಕಷ್ಟದಿಂದ ಕೊಡುವರು. ಅದರ ಮೇಲೆ ಪರೀಕ್ಷೆಯ ಶುಲ್ಕ, ಬೆಲ್ಟಿನ ಬೆಲೆ, ಪ್ರಮಾಣಪತ್ರದ ವೆಚ್ಚ ಬಂದಾಗ ಅವರ ಮಗುವು ಹಿಂದೆ ಸರಿಯುವದು. ಜೊತೆಗೆ ಸೇರಿದವರು ಹಸಿರು ಕಟ್ಟಿ ನಿಂತಾಗ ತಾನು ಇನ್ನೂ ಹಳದಿಯಲ್ಲಿಯೇ ಕಡೆಯ ಸಾಲಿನಲ್ಲಿ ನಿಲ್ಲುವದು. ಕೊರತೆಯು ಅದರ ಕಾಲುಗಳಲ್ಲಿಲ್ಲ, ತಂದೆಯ ಕಿಸೆಯಲ್ಲಿದೆ. ಆದರೆ ನೋಡಿದವರು ಮಗುವನ್ನೇ ದಡ್ಡನೆನ್ನುವರು. ಆದಿಕವಿ ಪಂಪನ ತಾಯಿಯ ಕಡೆಯವರ ಊರು ಅಣ್ಣಿಗೇರಿಯೆಂದು ಕುರಿಕ್ಯಾಲದ ಶಾಸನದಿಂದ ತಿಳಿದುಬರುವದು. ಸುಮಾರು 941ರಲ್ಲಿ ರಚಿತವಾದ ಅವನ 'ವಿಕ್ರಮಾರ್ಜುನ ವಿಜಯ'ದಲ್ಲಿ ರಾಜಕುಮಾರರ ಶಸ್ತ್ರವಿದ್ಯೆಯ ಪ್ರದರ್ಶನದ ಸನ್ನಿವೇಶವೊಂದಿದೆ. ಕರ್ಣನು ಕಣಕ್ಕಿಳಿದಾಗ ಹಿರಿಯರು ಅವನ ಕೈಚಳಕವನ್ನು ಒರೆಗೆ ಹಚ್ಚುವ ಬದಲು ಕುಲವನ್ನೆತ್ತಿ ಹಂಗಿಸಿದರು. ಆ ಅನ್ಯಾಯಕ್ಕೆ ಮರುಗದ ಕನ್ನಡ ವಾಚಕನಿಲ್ಲ. ಕುಲವನ್ನು ಕೇಳಿದ ಸ್ಥಳದಲ್ಲಿ ಈಗ ಶುಲ್ಕವನ್ನು ಕೇಳಿದರೆ ಅನ್ಯಾಯದ ಜಾತಿ ಬದಲಾಯಿತೇ ಹೊರತು ಅನ್ಯಾಯವು ಹೋಗಲಿಲ್ಲ.

ಎರಡನೆಯ ಕೇಡು ಇನ್ನೂ ಘೋರವಾದುದು. ಅದು ಶುಲ್ಕ ಕೊಟ್ಟು ಪಾಸಾದ ಮಕ್ಕಳಿಗೇ ತಟ್ಟುವಂಥದು. ಹೆಣ್ಣುಮಕ್ಕಳನ್ನು ಕರಾಟೆಗೆ ಕಳಿಸುವ ಪಾಲಕರ ಮನಸ್ಸಿನಲ್ಲಿರುವದು ಪದಕವಲ್ಲ, ಸಾಲೆಯಿಂದ ಹಳ್ಳಿಗೆ ಮರಳುವ ನಿರ್ಜನವಾದ ದಾರಿ. ಈ ಕಾರಣಕ್ಕಾಗಿಯೇ ಸರಕಾರವೂ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಸರಕಾರಿ ಸಾಲೆಗಳ ಹುಡುಗಿಯರಿಗೆ ಮೂರು ತಿಂಗಳ ಆತ್ಮರಕ್ಷಣೆಯ ತರಬೇತಿಯ ಯೋಜನೆಯನ್ನು ಮಾಡಿದೆ. ಗಾಳಿಯನ್ನು ಗುದ್ದಿ ಕಿತ್ತಳೆಯ ಬೆಲ್ಟು ಪಡೆದ ಹುಡುಗಿಯು, ಕೈ ಹಿಡಿದವನ ಹಿಡಿತವನ್ನು ಬಿಡಿಸಿಕೊಳ್ಳುವದನ್ನು ಒಮ್ಮೆಯೂ ನಿಜವಾಗಿ ಅಭ್ಯಾಸ ಮಾಡಿರದಿದ್ದರೆ, ಆ ಬೆಲ್ಟು ಅವಳಿಗೆ ರಕ್ಷೆಯಲ್ಲ, ಮೋಸ. ಬೆಲ್ಟಿಲ್ಲದವಳು ಅಪಾಯವನ್ನು ಕಂಡು ಓಡಿಯಾಳು, ಕೂಗಿಯಾಳು. ಸುಳ್ಳು ಬೆಲ್ಟನ್ನು ನಂಬಿದವಳು ನಿಂತಾಳು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲವೆಂಬ ಗಾದೆಯನ್ನು ಬಲ್ಲ ಮನೆಗಳು, ಕಪ್ಪಗಿದ್ದದ್ದೆಲ್ಲ ಬಲವಲ್ಲವೆಂಬುದನ್ನೂ ತಿಳಿಯಬೇಕಾಗಿದೆ.

ಈ ಪದ್ಧತಿಯ ಪರವಾದ ಮಾತುಗಳೂ ಉಂಟು. ಎಳೆಯರಿಗೆ ಪ್ರೋತ್ಸಾಹ ಬೇಕು, ನಪಾಸು ಮಾಡಿದರೆ ಮನಸ್ಸು ಮುರಿಯುವದೆಂದು ಕೆಲವರು ಹೇಳುವರು. ಪ್ರೋತ್ಸಾಹ ಬೇಕೆಂಬುದು ನಿರ್ವಿವಾದ. ಆದರೆ ಮಗುವಿನ ಮನಸ್ಸನ್ನು ಮುರಿಯುವದು 'ಇನ್ನೂ ಆಗಿಲ್ಲ, ಮುಂದಿನ ತಿಂಗಳು ಮತ್ತೆ ನೋಡೋಣ' ಎಂಬ ಮಾತಲ್ಲ. ಬರದೇ ಇದ್ದದ್ದನ್ನು ಬಂದಿತೆಂದು ಹೊಗಳಿದ ಮಾತು. ಮಕ್ಕಳು ದೊಡ್ಡವರು ತಿಳಿದಷ್ಟು ಮೂಢರಲ್ಲ. ತನ್ನ ಕಾಲು ಏಳಲಿಲ್ಲವೆಂಬುದು ಮಗುವಿಗೆ ಎಲ್ಲರಿಗಿಂತ ಮೊದಲು ಗೊತ್ತಿರುವದು. ಮಾಸ್ತರರೂ ಹೊಟ್ಟೆ ಹೊರೆಯಬೇಕಲ್ಲವೇ ಎಂಬುದು ಮತ್ತೊಂದು ಮಾತು. ಇದು ನ್ಯಾಯವಾದುದು. ಬಿಸಿಲು ಮಳೆಯೆನ್ನದೆ ದುಡಿಯುವ ಮಾಸ್ತರರಿಗೆ ಪಾಲಕರು ತಿಂಗಳ ಶುಲ್ಕವನ್ನು ಜಿಪುಣತನವಿಲ್ಲದೆ ಕೊಡತಕ್ಕದ್ದು. ಕಲಿಸಿದ್ದಕ್ಕೆ ಕೂಲಿ ಕೊಡದೆ, ಬಣ್ಣಕ್ಕೆ ಮಾತ್ರ ಕೈಬಿಚ್ಚಿ ಹಣ ಕೊಡುವ ಪಾಲಕರೇ ಮಾಸ್ತರರನ್ನು ಬಣ್ಣದ ವ್ಯಾಪಾರಕ್ಕೆ ಇಳಿಸಿರುವರು.

ಹಳ್ಳಿಗಳ ಗರಡಿಮನೆಗಳನ್ನು ಇಲ್ಲಿ ನೆನೆಯುವದು ಅಪ್ರಸ್ತುತವಾಗಲಾರದು. ಅಲ್ಲಿ ದಂಡ, ಬೈಠಕುಗಳ ಲೆಕ್ಕವಿತ್ತೇ ಹೊರತು ಬಣ್ಣಗಳ ಲೆಕ್ಕವಿರಲಿಲ್ಲ. ಪೈಲವಾನನ ಪರೀಕ್ಷೆಯು ಜಾತ್ರೆಯ ಕಣದಲ್ಲಿ, ಊರೆಲ್ಲ ನೋಡುತ್ತಿರುವಾಗ ಆಗುತ್ತಿತ್ತು. ಮಣ್ಣಿಗೆ ಬೆನ್ನು ತಾಗಿತೇ ಇಲ್ಲವೇ ಎಂಬುದನ್ನು ಕುರುಬರ ಹುಡುಗನೂ ಗೌಡರ ಮಗನೂ ಒಂದೇ ಸಮನಾಗಿ ಕಾಣುತ್ತಿದ್ದರು. ವಸ್ತಾದನು ಎಷ್ಟು ಹೊಗಳಿದರೂ ಮಣ್ಣು ಸುಳ್ಳು ಹೇಳುತ್ತಿರಲಿಲ್ಲ.

ಕರಾಟೆಯ ಪರೀಕ್ಷೆಗೂ ಅಂಥ ಸತ್ಯತೆಯು ಬರುವದು ಅಸಾಧ್ಯವೇನಲ್ಲ. ಪ್ರತಿಯೊಂದು ಬೆಲ್ಟಿಗೆ ಮಗುವಿಗೆ ಏನೇನು ಬರಬೇಕೆಂಬುದನ್ನು ಕನ್ನಡದಲ್ಲಿ ಬರೆದು, ಸೇರುವ ದಿನವೇ ಪಾಲಕರ ಕೈಯಲ್ಲಿ ಕೊಡಬೇಕು. ಪರೀಕ್ಷಕನು ಬೇರೆಯವನಾಗಿರಬೇಕು, ಪಾಸಾದವರ ಸಂಖ್ಯೆಗೂ ಅವನ ಸಂಭಾವನೆಗೂ ಸಂಬಂಧವಿರಬಾರದು. ಬೆಲ್ಟನ್ನು ಅಂಗಡಿಯ ಬೆಲೆಗೇ ಕೊಡಬೇಕು. ಪಾಸಾಗದ ಮಗುವಿನ ಮರುಪರೀಕ್ಷೆಗೆ ಮತ್ತೆ ಶುಲ್ಕ ಕೇಳಬಾರದು. ಹಣವಿಲ್ಲವೆಂಬ ಕಾರಣಕ್ಕೆ ಯಾವ ಮಗುವನ್ನೂ ಸಾಲಿನಿಂದ ಹೊರಗೆ ನಿಲ್ಲಿಸಬಾರದು. ಇವುಗಳಲ್ಲಿ ಯಾವುದಕ್ಕೂ ಕಾಯದೆಯ ಅವಶ್ಯಕತೆಯಿಲ್ಲ. ಒಂದು ಊರಿನ ಹತ್ತು ಮನೆಗಳ ಪಾಲಕರು ಕೂಡಿ ಕೇಳಿದರೆ ಸಾಕು; ಪ್ರಾಮಾಣಿಕರಾದ ಮಾಸ್ತರರು ಇದನ್ನು ಸಂತೋಷದಿಂದಲೇ ಒಪ್ಪುವರು. ಒಪ್ಪದವರು ಯಾವ ಬಗೆಯವರೆಂಬುದು ಅಷ್ಟರಿಂದಲೇ ತಿಳಿಯುವದು.

ನವಲಗುಂದದ ಹೆಣ್ಣುಮಕ್ಕಳು ಜಮಖಾನೆಯನ್ನು ನೇಯುವಾಗ ನೂಲಿಗೆ ಬಣ್ಣವು ಮೊದಲೇ ಇಳಿದಿರುವದು. ನೆಯ್ದು ಮುಗಿದ ಮೇಲೆ ಯಾರೂ ಅದರ ಮೇಲೆ ಬಣ್ಣ ಬಳಿಯುವದಿಲ್ಲ. ಮಗುವಿನ ವಿದ್ಯೆಗೂ ಇದೇ ನ್ಯಾಯ. ಇನ್ನು ಮುಂದೆ ಬೆಲ್ಟು ಕಟ್ಟಿ ಮನೆಗೆ ಬಂದ ಮಗುವನ್ನು ಪಾಲಕರು 'ಯಾವ ಬಣ್ಣ ಬಂತು?' ಎಂದು ಕೇಳದೆ, 'ಏನು ಬಂತು, ಮಾಡಿ ತೋರಿಸು' ಎಂದು ಕೇಳಲಿ. ಆ ಒಂದು ಪ್ರಶ್ನೆಯು ಪ್ರತಿಯೊಂದು ಮನೆಯಲ್ಲಿ ಹುಟ್ಟಿದ ದಿನ ಬಣ್ಣದ ಅಂಗಡಿಯು ತಾನಾಗಿಯೇ ಮುಚ್ಚುವದು. ವಿದ್ಯೆಯ ಸಾಲೆಯು ಉಳಿಯುವದು.