ಬಲೂನು ತಿಪ್ಪೆಗೆ ಬೇಡ

ಸುಗ್ಗಿ ಮುಗಿದು ಜಾತ್ರೆ, ಮದುವೆಗಳ ಕಾಲ ಬಂತೆಂದರೆ ಹಳ್ಳಿಯ ಕಳೆಯೇ ಬೇರೆ. ಹಿಂದೆ ಮಾವಿನ ತೋರಣ, ಬಾಳೆಕಂದು, ತೆಂಗಿನ ಗರಿಗಳಲ್ಲಿ ಮುಗಿಯುತ್ತಿದ್ದ ಚಪ್ಪರದ ಶೃಂಗಾರಕ್ಕೆ ಈಗ ಬಲೂನಿನ ಕಮಾನು ಸೇರಿದೆ. ನಾಮಕರಣವಿರಲಿ, ಹುಟ್ಟುಹಬ್ಬವಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಬಲೂನಿಲ್ಲದೆ ಆಗದು ಎಂಬಂತಾಗಿದೆ. ಮಕ್ಕಳ ಸಂತೋಷಕ್ಕೆ ಅಡ್ಡ ಬರುವುದು ನಮ್ಮ ಉದ್ದೇಶವಲ್ಲ. ಆದರೆ ಸಮಾರಂಭದ ಮರುದಿನ ಈ ಬಲೂನುಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ರೈತ ಬಾಂಧವರು ಒಮ್ಮೆ ಗಮನಿಸಬೇಕು.

ಅವು ಹೋಗುವುದು ತಿಪ್ಪೆಗೆ. ಎಂಜಲೆಲೆ, ಉಳಿದ ಅನ್ನ, ತರಕಾರಿ ಸಿಪ್ಪೆಗಳ ಜೊತೆಯಲ್ಲಿ ಒಡೆದ ಬಲೂನು, ಅದಕ್ಕೆ ಕಟ್ಟಿದ್ದ ನೈಲಾನ್ ದಾರ, ಬಣ್ಣದ ಪಟ್ಟಿ ಎಲ್ಲವನ್ನೂ ಒಂದೇ ಬಾರಿಗೆ ಗುಡಿಸಿ ಸುರಿಯುತ್ತೇವೆ. ಊಟದ ವಾಸನೆಗೆ ಊರ ದನಗಳು ಅಲ್ಲಿಗೆ ಬರುತ್ತವೆ. ಆಡು ತುಟಿಯಿಂದ ಆರಿಸಿ ಆರಿಸಿ ಮೇಯುವ ಪ್ರಾಣಿ. ದನ ಹಾಗಲ್ಲ. ನಾಲಿಗೆಯಿಂದ ಸುತ್ತಿ ಎಳೆದು, ಸರಿಯಾಗಿ ಅಗಿಯದೆ ನುಂಗಿ, ಆಮೇಲೆ ನಿಧಾನವಾಗಿ ಮೆಲುಕು ಹಾಕುತ್ತದೆ. ಸಾರು ಮೆತ್ತಿದ ಬಾಳೆಲೆಯ ಮಡಿಕೆಯಲ್ಲಿ ರಬ್ಬರಿನ ಚೂರಿದ್ದರೆ ಅದಕ್ಕೆ ತಿಳಿಯುವುದೇ ಇಲ್ಲ.

ಹಸುವಿನ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಮೊದಲ ದೊಡ್ಡ ಚೀಲವೇ ಮೇವು ಹುದುಗುವ ಜಾಗ. ಅಲ್ಲಿಂದ ಮುಂದಿನ ದಾರಿ ಕಿರಿದು. ನುಣ್ಣಗಾದ ಮೇವು ಮಾತ್ರ ಸಾಗುತ್ತದೆ. ರಬ್ಬರು, ಪ್ಲಾಸ್ಟಿಕ್, ದಾರ ಅಲ್ಲಿ ಕೊಳೆಯುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಒಂದಕ್ಕೊಂದು ಸುತ್ತಿಕೊಂಡು ಉಂಡೆಯಾಗಿ ಕೂರುತ್ತವೆ. ಮೇವಿಗೆ ಜಾಗ ಕಡಿಮೆಯಾಗುತ್ತದೆ. ಹಸು ಬಡಕಲಾಗುತ್ತದೆ, ಮೆಲುಕು ಕಡಿಮೆಯಾಗುತ್ತದೆ, ಸಗಣಿ ಸ್ವಲ್ಪ ಸ್ವಲ್ಪವೇ ಬೀಳುತ್ತದೆ, ಹಾಲು ಇಳಿಯುತ್ತದೆ, ಎಡಹೊಟ್ಟೆ ಆಗಾಗ ಉಬ್ಬುತ್ತದೆ. ಈ ಲಕ್ಷಣಗಳನ್ನು ದೃಷ್ಟಿ ತಾಕಿತೆಂದು ನಿವಾಳಿಸಿ ಸುಮ್ಮನಾಗುವವರು ಇಂದಿಗೂ ಇದ್ದಾರೆ. ಎಣ್ಣೆ ಕುಡಿಸಿದರೆ ಒಮ್ಮೊಮ್ಮೆ ಉಬ್ಬರ ಇಳಿದೀತು, ರಬ್ಬರು ಕರಗದು. ಪಶುವೈದ್ಯರು ಎಡಪಕ್ಕೆಯನ್ನು ಕೊಯ್ದು ಕೈಯಿಂದ ಹೊರತೆಗೆಯುವುದೇ ಉಳಿದ ದಾರಿ. ಬಡ ರೈತನಿಗೆ ಅದರ ಖರ್ಚು ಒಂದು ಕಡೆ, ಹಾಲು ನಿಂತ ದಿನಗಳ ನಷ್ಟ ಇನ್ನೊಂದು ಕಡೆ. ಕೆಲವು ಬಾರಿ ಹಸುವೇ ಉಳಿಯುವುದಿಲ್ಲ.

‘ಬಲೂನು ರಬ್ಬರ್ ಮರದ ಹಾಲಿನದು, ಎಲೆಯಂತೆ ಮಣ್ಣಾಗುತ್ತದೆ’ ಎಂದು ಅಂಗಡಿಯವರು ಹೇಳುವುದುಂಟು. ಮರದ ಹಾಲಿನದೆಂಬುದು ನಿಜ, ಸುಳ್ಯ, ಪುತ್ತೂರುಗಳ ಬೆಳೆಗಾರರಿಗೆ ಅದನ್ನು ನಾವು ಹೇಳಬೇಕಾಗಿಲ್ಲ. ಆದರೆ ಬಲೂನಾಗುವ ಹೊತ್ತಿಗೆ ಆ ಹಾಲಿಗೆ ಗಂಧಕ, ಬಣ್ಣ ಮತ್ತಿತರ ರಾಸಾಯನಿಕಗಳು ಸೇರಿ ಅದರ ಗುಣವೇ ಬದಲಾಗಿರುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯ ವಿಶ್ವವಿದ್ಯಾಲಯದ ಸಂಶೋಧಕರು ಬಲೂನುಗಳನ್ನು ಸಿಹಿನೀರು, ಉಪ್ಪುನೀರು ಮತ್ತು ಕಾಂಪೋಸ್ಟಿನಲ್ಲಿ 16 ವಾರ ಇಟ್ಟು ನೋಡಿ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅವು ಹೇಳಿಕೊಳ್ಳುವಷ್ಟು ಕರಗಿರಲಿಲ್ಲ. ತಿಪ್ಪೆಯ ಬಲೂನು ಗೊಬ್ಬರದ ಗಾಡಿಯಲ್ಲಿ ಹೊಲಕ್ಕೂ ಬಂದು, ಮೊದಲ ಉಳುಮೆಗೆ ಕೆಂಪು, ಹಳದಿ ಚೂರುಗಳಾಗಿ ಮೇಲೇಳುವುದನ್ನು ನೀವೇ ಕಂಡಿರಬಹುದು. ಬೆಳ್ಳಿಯಂತೆ ಹೊಳೆಯುವ ಬಲೂನಂತೂ ಅಲ್ಯೂಮಿನಿಯಂ ಲೇಪಿಸಿದ ಪ್ಲಾಸ್ಟಿಕ್ ಹಾಳೆ. ಅದು ಮಣ್ಣಾಗುವ ಮಾತೇ ಇಲ್ಲ.

ಉದ್ಘಾಟನೆಯ ದಿನ ಗಣ್ಯರ ಕೈಯಿಂದ ಬಲೂನುಗಳ ಗೊಂಚಲನ್ನು ಆಕಾಶಕ್ಕೆ ಬಿಡಿಸುವ ಪದ್ಧತಿ ನಮಗೆ ಸರಿಕಾಣದು. ಮೇಲೆ ಹೋದದ್ದು ಯಾರದೋ ಹೊಲಕ್ಕೆ, ಗೋಮಾಳಕ್ಕೆ, ಕೆರೆಗೆ ಬಿದ್ದೇ ಬೀಳುತ್ತದೆ. ಹೊಳೆಯುವ ಬಲೂನು ವಿದ್ಯುತ್ ತಂತಿಗೆ ತಾಗಿದರೆ ಪಂಪುಸೆಟ್ಟಿಗೆ ಕರೆಂಟೂ ಇಲ್ಲ. ಜಾತ್ರೆಗಳಲ್ಲಿ ಕಾಸ್ಟಿಕ್ ಸೋಡಾ, ಅಲ್ಯೂಮಿನಿಯಂ ಚೂರುಗಳಿಂದ ಜಲಜನಕ ಅನಿಲ ತಯಾರಿಸಿ ತುಂಬುವವರ ಸಿಲಿಂಡರ್ ಸಿಡಿಯುವ ಅಪಾಯವಿದೆ. ಮಕ್ಕಳನ್ನು ಹತ್ತಿರ ಬಿಡಬೇಡಿ. ಬಲೂನಿನ ಪ್ಲಾಸ್ಟಿಕ್ ಕಡ್ಡಿಯನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಎಲ್ಲಾದರೂ ಕಂಡರೆ ಕೊಳ್ಳದಿರಿ.

ಬಲೂನು ಬೇಕೇ ಬೇಕೆಂದರೆ ಬಾಯಲ್ಲೋ ಪಂಪಿನಲ್ಲೋ ಊದಿದ್ದು ಸಾಕು. ಎಣಿಸಿ ಕಟ್ಟಿ, ಎಣಿಸಿ ಬಿಚ್ಚಿ. ಊಟದ ಎಲೆ ಎತ್ತುವ ಮೊದಲೇ ಈ ಕೆಲಸ ಮುಗಿಯಬೇಕು. ಒಮ್ಮೆ ಎಲೆಯೊಂದಿಗೆ ಬೆರೆತರೆ ಬೇರ್ಪಡಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಒಡೆದ ಚೂರು ಎಳೆಯ ಮಕ್ಕಳ ಗಂಟಲಿಗೆ ಸಿಕ್ಕಿ ಉಸಿರು ಕಟ್ಟಿಸಬಲ್ಲದು, ಆದ್ದರಿಂದ ನೆಲದ ಮೇಲೆ ಒಂದು ಚೂರನ್ನೂ ಬಿಡಬೇಡಿ. ಎಲ್ಲವನ್ನೂ ದಾರಸಹಿತ ಹಳೆಯ ಗೊಬ್ಬರದ ಚೀಲಕ್ಕೆ ತುಂಬಿ ಪಂಚಾಯಿತಿಯ ಒಣಕಸದ ಗಾಡಿಗೆ ಕೊಡಿ. ಬಚ್ಚಲೊಲೆಗೆ ಹಾಕಬೇಡಿ, ಆ ಹೊಗೆ ಕುಡಿಯುವವರು ಮನೆಯ ಹೆಂಗಸರು.

ಇನ್ನು ಚೆಂಡುಹೂವಿನ ಮಾತು. ಬೆಲೆ ಕುಸಿದು ಬೆಳೆಗಾರ ಹೂವನ್ನು ರಸ್ತೆ ಬದಿಗೆ ಸುರಿದ ಸುದ್ದಿಯನ್ನು ಎಷ್ಟೋ ಸಲ ಓದಿದ್ದೇವೆ. ಅದೇ ಊರಿನ ಚಪ್ಪರಕ್ಕೆ ಪೇಟೆಯಿಂದ ಬಲೂನು ಬರುವುದು ವಿಚಿತ್ರವಲ್ಲವೇ? ಹೂವಿನ ಮಾಲೆ ಮರುದಿನ ತಿಪ್ಪೆಗೆ ಬಿದ್ದರೆ ಗೊಬ್ಬರವಾಗುತ್ತದೆ, ದುಡ್ಡು ಪಕ್ಕದ ಹೊಲದವನ ಕೈಸೇರುತ್ತದೆ.

ಅಲಂಕಾರವನ್ನು ಪೇಟೆಯವರಿಗೆ ಗುತ್ತಿಗೆ ಕೊಡುವವರು ಮಾತುಕತೆಯ ದಿನವೇ ‘ಬಿಚ್ಚಿ ಚೀಲಕ್ಕೆ ತುಂಬಿಕೊಂಡು ಹೋಗುವುದೂ ನಿಮ್ಮದೇ’ ಎಂದು ಸ್ಪಷ್ಟಪಡಿಸಿಕೊಳ್ಳಿ. ಆ ಕೆಲಸ ಮುಗಿಯುವವರೆಗೆ ಬಾಕಿ ಹಣ ನಿಮ್ಮಲ್ಲೇ ಇರಲಿ.