ಗುದ್ದಲಿಪೂಜೆಗೆ ಮೊದಲು ಆಗಬೇಕಾದ ಕೆಲಸ

ಹೆದ್ದಾರಿ ಬೇಡವೆಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ವ್ಯಾಪಾರವನ್ನೇ ವೃತ್ತಿಯಾಗಿ ನಂಬಿದವನಿಗೆ ರಸ್ತೆಯ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಆಕ್ಷೇಪವಿರುವುದು ರಸ್ತೆಯನ್ನು ಮಾಡುವ ಕ್ರಮದ ಬಗ್ಗೆ. ಮೊದಲು ನಕ್ಷೆಯ ಮೇಲೆ ಗೆರೆ, ಅನಂತರ ಭೂಸ್ವಾಧೀನ, ಅದರ ಬೆನ್ನಿಗೇ ಯಂತ್ರ. ಆ ನೆಲದಲ್ಲಿ ಏನಿತ್ತೆಂಬ ವಿಚಾರಣೆ ಎಲ್ಲಕ್ಕೂ ಕಡೆಯಲ್ಲಿ. ಈ ಕ್ರಮ ತಲೆಕೆಳಗಾದುದು.

ಬೆಂಗಳೂರಿನ ಸುತ್ತ ಎರಡು ಮಹಾ ವರ್ತುಲಗಳ ಯೋಜನೆಯಿದೆ. ಒಂದು, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ಕನಕಪುರ, ರಾಮನಗರ, ಮಾಗಡಿಗಳನ್ನು ಜೋಡಿಸುವ, ಸುಮಾರು 280 ಕಿಲೋಮೀಟರುಗಳ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ. ಇನ್ನೊಂದು, ತುಮಕೂರು ರಸ್ತೆಯಿಂದ ಹೊಸೂರು ರಸ್ತೆಯವರೆಗಿನ ಸುಮಾರು 73 ಕಿಲೋಮೀಟರುಗಳ ಪೆರಿಫೆರಲ್ ರಿಂಗ್ ರಸ್ತೆ. ಈ ತಾಲ್ಲೂಕುಗಳ ನೆಲ ಬರಿಯ ನೆಲವಲ್ಲ. ಮಾಗಡಿಯ ಸಾವನದುರ್ಗದ ಬೃಹತ್ ಶಿಲಾಸಮಾಧಿಗಳನ್ನು ಬ್ರಾನ್‌ಫಿಲ್ 1881ರಲ್ಲಿಯೇ ವರ್ಣಿಸಿದ್ದರು. ಹೊಸಕೋಟೆಯ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಡಾ. ಎಂ. ಶೇಷಾದ್ರಿಯವರು ಅಂಥವೇ ಸಮಾಧಿಗಳನ್ನು ಅಗೆದು ಶೋಧಿಸಿದರು. ಬೇಗೂರಿನ ಶಾಸನಗಳಲ್ಲಿ ಒಂದು, ಕ್ರಿ.ಶ. 890ರ ಸುಮಾರಿನದು, ‘ಬೆಂಗಳೂರು’ ಎಂಬ ಹೆಸರನ್ನೇ ಉಳಿಸಿಕೊಟ್ಟಿದೆ. ಮತ್ತೊಂದು, ಗಂಗರ ಅಧಿಕಾರಿ ನಾಗತ್ತರನ ಮಗಳು ತೊಂಡಬ್ಬೆಯ ಸಲ್ಲೇಖನವನ್ನು ಸ್ಮರಿಸುತ್ತದೆ. ನಾವು ಮನೆ ಕಟ್ಟಿಕೊಂಡಿರುವ ದಕ್ಷಿಣ ಬೆಂಗಳೂರು ಶ್ರಾವಕಿಯೊಬ್ಬಳ ಸಮಾಧಿಮರಣಕ್ಕೆ ಸಾಕ್ಷಿಯಾದ ನೆಲ.

ಮುಖ್ಯವಾದ ಸ್ಥಳಗಳಿಗೆ ಕಾನೂನಿನ ರಕ್ಷಣೆ ಇದ್ದೇ ಇದೆಯಲ್ಲ ಎಂಬುದು ಮೊದಲನೆಯ ಸಮಾಧಾನ. 1958ರ ಕೇಂದ್ರ ಶಾಸನವು 2010ರ ತಿದ್ದುಪಡಿಯ ನಂತರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರುಗಳಲ್ಲಿ ಹೊಸ ನಿರ್ಮಾಣವನ್ನು ನಿಷೇಧಿಸುತ್ತದೆ, ನಿಜ. ಆದರೆ ಆ ರಕ್ಷೆ ಘೋಷಿತ ಸ್ಮಾರಕಕ್ಕೆ ಮಾತ್ರ. ಹೊಲದ ಬದುವಿನಲ್ಲಿ ವಾಲಿ ನಿಂತ ನಿಷಿಧಿಗಲ್ಲಿಗೆ, ಕೆರೆಯ ಏರಿಯಲ್ಲಿ ಹೂತ ವೀರಗಲ್ಲಿಗೆ ಅದು ದೊರೆಯದು. ಪಟ್ಟಿಯಲ್ಲಿಲ್ಲದ್ದು ಇಲ್ಲವೇ ಇಲ್ಲ ಎಂದು ಬಗೆಯುವುದು, ದಾಸ್ತಾನನ್ನು ಎಣಿಸದೆಯೇ ಅಂಗಡಿಯನ್ನು ಹರಾಜಿಗಿಟ್ಟಂತೆ. ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನ ಸಂಪುಟವನ್ನು ಪ್ರಕಟಿಸಿದ್ದು 1905ರಲ್ಲಿ. ಮಿಥಿಕ್ ಸೊಸೈಟಿಯವರು 2021ರಲ್ಲಿ ಶಾಸನಗಳ ಡಿಜಿಟಲ್ ಸಂರಕ್ಷಣೆಯ ಕಾರ್ಯವನ್ನು ಆರಂಭಿಸಿದ ಮೇಲೆ ಆ ಸಂಪುಟದಲ್ಲಿಲ್ಲದ ಕಲ್ಲುಗಳೂ ದೊರೆತಿವೆ; ಸಂಪುಟದಲ್ಲಿದ್ದ ಹಲವು ಕಲ್ಲುಗಳು ಸ್ಥಳದಲ್ಲಿಲ್ಲವೆಂಬುದೂ ತಿಳಿದಿದೆ. ಉತ್ತರಹಳ್ಳಿ ಹೋಬಳಿಯ ಹಳ್ಳಿಯಾಗಿದ್ದ ನಮ್ಮ ಚಿಕ್ಕಲಸಂದ್ರ ಬಡಾವಣೆಯಾಗುವಾಗ ಎಷ್ಟು ಕಲ್ಲುಗಳು ಅಡಿಪಾಯಕ್ಕೆ ಸೇರಿದವೆಂದು ಹೇಳಬಲ್ಲವರು ಇಂದು ಸಿಗುವುದಿಲ್ಲ.

ಸಮೀಕ್ಷೆಯಿಂದ ಕಾಲವಿಳಂಬ, ಅಧಿಕ ವೆಚ್ಚ ಎಂಬುದು ಎರಡನೆಯ ಆಕ್ಷೇಪ. ಅಮೆರಿಕದ ಅರಿಜೋನಾ ಮರುಭೂಮಿಯ ಫೀನಿಕ್ಸ್ ನಗರದಲ್ಲಿ ಹೆದ್ದಾರಿ ಹಾಯುವ ಮೊದಲು, 1980ರ ದಶಕದಲ್ಲಿ, ಹೊಹೊಕಮ್ ಎಂಬ ಪ್ರಾಚೀನ ಜನರ ನೆಲೆಗಳಾದ ಲಾಸ್ ಕೊಲಿನಾಸ್, ಲಾ ಸಿಯುಡಾಡ್‌ಗಳಲ್ಲಿ ವಿಸ್ತಾರವಾದ ಉತ್ಖನನ ನಡೆಯಿತು. ಕೇಂದ್ರ ಸರ್ಕಾರದ ಯೋಜನೆಗಳು ಚಾರಿತ್ರಿಕ ಸ್ಥಳಗಳ ಮೇಲೆ ಬೀರುವ ಪರಿಣಾಮವನ್ನು ಮುಂಚಿತವಾಗಿ ವಿಚಾರಿಸಬೇಕೆಂಬ ಕಾನೂನು ಅಲ್ಲಿ 1966ರಿಂದಲೂ ಇದೆ. ರಸ್ತೆಯೇನೂ ನಿಲ್ಲಲಿಲ್ಲ, 1990ರಲ್ಲಿ ಸಂಚಾರಕ್ಕೆ ತೆರೆಯಿತು. ಅಷ್ಟು ದೂರವೇಕೆ? ನಮ್ಮ ಕೃಷ್ಣಾ ನದಿಯ ನಾಗಾರ್ಜುನಕೊಂಡ ಕಣಿವೆ ಅಣೆಕಟ್ಟಿನ ನೀರಿನಲ್ಲಿ ಮುಳುಗುವುದಕ್ಕೆ ಮುನ್ನ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆ 1954ರಿಂದ 1960ರವರೆಗೆ ಅಲ್ಲಿ ಉತ್ಖನನ ನಡೆಸಿ, ಆಯ್ದ ಸ್ಮಾರಕಗಳನ್ನು ಬೆಟ್ಟದ ಮೇಲೆ ಮರಳಿ ಕಟ್ಟಿತು. ಬಡತನದ ಆ ದಿನಗಳಲ್ಲಿ ಸಾಧ್ಯವಾದುದು ಸಾವಿರಾರು ಕೋಟಿ ರೂಪಾಯಿಗಳ ಯೋಜನೆಗಳ ಈ ದಿನಗಳಲ್ಲಿ ದುಬಾರಿಯೆನ್ನುವುದು ಯಾವ ಲೆಕ್ಕಶಾಸ್ತ್ರ? ಗೆರೆ ಎಳೆಯುವ ಮುಂಚೆ ಕಲ್ಲು ಕಂಡರೆ ಗೆರೆಯನ್ನು ಸರಿಸಬಹುದು. ಯಂತ್ರ ನಿಂತ ಮೇಲೆ ಕಂಡರೆ ಕಾಮಗಾರಿಯೇ ನಿಲ್ಲಬೇಕು, ಇಲ್ಲವೇ ಕಲ್ಲೇ ಮಾಯವಾಗಬೇಕು. ಎರಡರಲ್ಲಿ ಯಾವುದು ನಡೆಯುತ್ತದೆಂಬುದನ್ನು ಓದುಗರೇ ಊಹಿಸಬಲ್ಲರು.

ಸರ್ಕಾರವನ್ನು ದೂರುವಾಗ ನಮ್ಮ ಟ್ರಸ್ಟುಗಳನ್ನು ಬಿಟ್ಟು ಮಾತನಾಡುವುದು ನ್ಯಾಯವಲ್ಲ. ಮಾರ್ಗಮಧ್ಯದಲ್ಲಿ ಬಸದಿಯ ಜಮೀನು ಬಂದರೆ ಪರಿಹಾರದ ಮೊತ್ತಕ್ಕೆ ಸಭೆಗಳ ಮೇಲೆ ಸಭೆಗಳು. ಅಂಗಳದ ಮುಕ್ಕಾದ ಶಿಲೆಗೆ ಒಂದು ಠರಾವೂ ಇಲ್ಲ. ಪೂಜೆಗೊಳ್ಳುವ ಬಿಂಬವನ್ನು ಬೇರೆಡೆ ಪ್ರತಿಷ್ಠಾಪಿಸಿದರೆ ಕರ್ತವ್ಯ ಮುಗಿಯಿತೆಂಬ ಭಾವನೆ ತಪ್ಪು. ಲಿಖಿತ ಶಿಲೆಗೆ ಅದು ನಿಂತ ಸ್ಥಳವೇ ಅರ್ಧ ಸಾಕ್ಷ್ಯ. ದಾಖಲೆಯಿಲ್ಲದೆ ಕಿತ್ತು ಸಾಗಿಸಿದರೆ ಅಕ್ಷರಗಳು ಉಳಿದಾವು, ಊರಿನ ಚರಿತ್ರೆ ಉಳಿಯದು.

ಆದುದರಿಂದ ಕೇಳಬೇಕಾದುದು ಮೂರು. ಮಾರ್ಗವನ್ನು ಅಂತಿಮಗೊಳಿಸುವ ಮೊದಲೇ ಪುರಾತತ್ತ್ವಜ್ಞರೂ ಶಾಸನತಜ್ಞರೂ ಆ ನೆಲದ ಮೇಲೆ ಕಾಲ್ನಡಿಗೆಯಲ್ಲಿ ಸಮೀಕ್ಷೆ ನಡೆಸಬೇಕು. ಅದರ ವೆಚ್ಚ ಯೋಜನೆಯ ಅಂದಾಜಿನಲ್ಲಿಯೇ ಸೇರಿರಬೇಕು. ವರದಿ ಕನ್ನಡದಲ್ಲಿ ಗ್ರಾಮ ಪಂಚಾಯಿತಿಗಳಿಗೆ ತಲಪಿ, ಜನರ ಅಹವಾಲಿಗೆ ಅವಕಾಶವಿರಬೇಕು. ಇಷ್ಟನ್ನು ಕೇಳುವ ಅಧಿಕಾರ ನಮಗೆ ಬರಬೇಕಾದರೆ ಪ್ರತಿಯೊಂದು ಟ್ರಸ್ಟೂ ತನ್ನ ಗ್ರಾಮದ ಶಾಸನ, ನಿಷಿಧಿ, ಭಗ್ನಬಿಂಬಗಳ ಪಟ್ಟಿಯನ್ನು ಸರ್ವೆ ನಂಬರು, ಛಾಯಾಚಿತ್ರಗಳೊಡನೆ ಸಿದ್ಧಪಡಿಸಿ ರಾಜ್ಯ ಪುರಾತತ್ತ್ವ ಇಲಾಖೆಗೆ ಒಪ್ಪಿಸಲಿ. ಜೈನರದೆಂದೂ ಶೈವರದೆಂದೂ ಅದರಲ್ಲಿ ಭೇದವೆಣಿಸುವುದು ಬೇಡ; ಯಂತ್ರಕ್ಕೆ ಆ ಭೇದ ತಿಳಿಯದು.

ನಮ್ಮ ಮುನಿಗಳು ಈರ್ಯಾಸಮಿತಿಯಂತೆ ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ನೋಡದೆ ನಡೆಯುವುದೇ ಪ್ರಮಾದ. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾತಿ ಆಚಾರ್ಯರು ಮೊದಲು ಹೆಸರಿಸಿದ್ದು ಅದನ್ನೇ. ಒಬ್ಬ ಮುನಿಯ ಒಂದು ಹೆಜ್ಜೆಗೆ ಇಷ್ಟು ಎಚ್ಚರ ಬೇಕಾದರೆ, ನೂರಾರು ಕಿಲೋಮೀಟರು ನೆಲವನ್ನು ಬಗೆಯುವ ಯಂತ್ರಕ್ಕೆ ಎಷ್ಟು ಬೇಕು?